ಸೋಡಾ ಬಾಟ್ಲಿ ಕೇಸು

ಪೊಲೀಸ್ ಬೈಕು ಮನೆ ಮುಂದೆ ನಿಂತಿದ್ದೇ ತಡ, ದೊಡ್ಡಕ್ಕ ಮಗಳ ರಟ್ಟೆ ಹಿಡಿದು ಒಳಗೆಳೆದಳು. “ಕೇಳುದ್ರೆ ಯಾವ ಕೇಸೂ ಇಲ್ಲ ಅನ್ನು. ಕೈಗೆ ಬಂದಿರೋ ಕೆಲ್ಸ ಕಣೇ, ಕಳ್ಕಬ್ಯಾಡ. ಬಾಯಿಗೆ ಬೀಗ ಹಾಕು.”

ವೇದಾವತಿಯ ಬಾಯಿಗೆ ಬೀಗ ಹುಟ್ಟಿನಿಂದಲೇ ಬಿದ್ದಿತ್ತು. ಮಿಡಿಗೇಶಿಯಲ್ಲಿ ಅವಳ ದನಿ ಕೇಳಿದವರೇ ಕಡಿಮೆ. ಆ ಬೀಗ ಕಿತ್ತುಬಂದಿದ್ದು ಒಂದೇ ಸಲ, ಪಕ್ಕದ ಮನೆ ದೇವರಾಜುವಿನ ಪೆಟ್ಟಿಗೆ ಅಂಗಡಿ ಮುಂದೆ ಅಪ್ಪ ಕುಡಿದು ಬಿದ್ದಿದ್ದ ದಿನ. ಒನಕೆ ಹಿಡಿದು ಹೋದವಳು ಅಂಗಡಿಯಲ್ಲಿ ಒಂದು ಸೀಸೆ ಉಳಿಸಲಿಲ್ಲ. ಒಡೆದಿದ್ದು ಸೋಡಾ ಬಾಟ್ಲಿ ಎಂದು ದೇವರಾಜು ದೂರು ಕೊಟ್ಟ. ಕೋರ್ಟಿನಲ್ಲೂ ಹಾಗೆಂದೇ ಆಣೆಯಿಟ್ಟ. ಸಾಕ್ಷಿ ಸಾಲದೆ ಕೇಸು ಬಿದ್ದುಹೋಯಿತು.

ಪೇದೆ ಪ್ರಭುದೇವ್ ಜಗುಲಿ ಮೇಲೆ ಕುಳಿತ. “ಸರ್ಕಾರಿ ಕೆಲಸಕ್ಕೆ ಸೆಲೆಕ್ಟ್ ಆಗಿದೀಯ. ನಡತೆ ಬಗ್ಗೆ ರಿಪೋರ್ಟ್ ಕಳಿಸ್ಬೇಕು. ನಿನ್ನ ಮೇಲೆ ಯಾವತ್ತಾದ್ರೂ ಕೇಸಿತ್ತೇನಮ್ಮಾ?”

“ಅಯ್ಯೋ, ಮಾತೇ ಬರದ ಹುಡ್ಗಿ ಸ್ವಾಮಿ...” ದೊಡ್ಡಕ್ಕ ಅಡ್ಡ ಬಾಯಿ ಹಾಕಿದಳು.

“ಇತ್ತು ಸಾರ್,” ಎಂದಳು ವೇದಾವತಿ. “ದೇವರಾಜಣ್ಣನ ಅಂಗಡಿ ಬಾಟ್ಲಿ ಒಡೆದಿದ್ದೆ. ಕೋರ್ಟು ಬಿಟ್ಟುಬುಡ್ತು. ಆದ್ರೂ ಒಡೆದಿದ್ದು ನಾನೇ.”

ದೊಡ್ಡಕ್ಕ ಹಣೆ ಚಚ್ಚಿಕೊಂಡಳು.

ನೆರೆಯವರ ಹೇಳಿಕೆಯೂ ಬೇಕಿತ್ತು. ಕರೆಯುವ ಮುಂಚೆಯೇ ದೇವರಾಜು ಲುಂಗಿ ಎತ್ತಿ ಕಟ್ಟುತ್ತ ಬಂದ. “ಬರ್ಕಳಿ ಸಾ! ಇಂಥ ರೌಡಿ ಈ ಸೀಮೇಲೇ ಇಲ್ಲ!”

“ಸೋಡಾ ಬಾಟ್ಲಿಗೆ ಇಷ್ಟು ಸಂಕಟವೇನ್ರೀ?” ಪ್ರಭುದೇವ್ ನಕ್ಕ.

“ಸೋಡಾ ಆಗಿದ್ರೆ ಯಾಕ್ ಸಾ ಅಳ್ತಿದ್ದೆ? ಹಬ್ಬಕ್ಕೆ ಮಾರಾಣ ಅಂತ ಮಧುಗಿರಿಯಿಂದ ಬಚ್ಚಿಟ್ಕಂಡ್ ತಂದಿದ್ದ ಎಣ್ಣೆ! ಪೂರಾ ಚರಂಡಿ ಪಾಲು ಮಾಡ್ಬುಟ್ಲು!”

ಬರೆಯುತ್ತಿದ್ದ ಪೆನ್ನು ನಿಂತಿತು. “ಓಹೋ. ಲೈಸೆನ್ಸ್ ಇತ್ತೋ?”

ದೇವರಾಜು ಎತ್ತಿ ಕಟ್ಟಿದ್ದ ಲುಂಗಿಯನ್ನು ಮೆಲ್ಲಗೆ ಇಳಿಬಿಟ್ಟ.

ಪ್ರಭುದೇವ್ ಗೊತ್ತಿದ್ದೂ ಕೇಳಿದ: “ನಿಂಗೆ ಯಾವ ಇಲಾಖೇಲಮ್ಮಾ ಕೆಲಸ?”

“ಅಬಕಾರಿ, ಸಾರ್.”

“ಸೇರೋಕ್ ಮುಂಚೇನೇ ಡ್ಯೂಟಿ ಶುರು ಮಾಡಿದೀಯಲ್ಲಮ್ಮಾ!” ಪೇದೆ ಗೊಳ್ಳೆಂದು ನಕ್ಕ. “ನೀನು ನಡಿಯಪ್ಪ ದೇವರಾಜು, ಸ್ಟೇಷನ್ನಿಗೆ. ಇದನ್ನೇ ಅಲ್ಲಿ ಇನ್ನೊಂದ್ಸಲ ಹೇಳೀವಂತೆ.”

ವೇದಾವತಿ ಹೊಸ ಖಾಕಿ ತೊಟ್ಟು ಊರಿನಲ್ಲಿ ಬಸ್ಸಿಳಿದ ದಿನ, ದೊಡ್ಡಕ್ಕ ನಡುಬೀದಿಯಲ್ಲೇ ದೃಷ್ಟಿ ತೆಗೆದಳು. ದೇವರಾಜು ಅಂಗಡಿಯಿಂದ ಓಡಿಬಂದು ಸೀಸೆ ಚಾಚಿದ. “ಬಿಸ್ಲಾಗ್ ಬಂದಿದೀಯ, ಸೋಡಾ ಕುಡಿ ತಾಯಿ.”

ಅವಳು ಸೀಸೆಯನ್ನು ಮೂಗಿನ ಹತ್ತಿರ ಹಿಡಿದು, ಅವನ ಮುಖವನ್ನೇ ನೋಡುತ್ತ, ನಿಧಾನವಾಗಿ ಮೂಸಿದಳು.