ನಕಾಶೆ ಬರುವ ತನಕ

ಮಿಕ್ಸರ್ ಲಾರಿ ಗೇಟಿನ ಮುಂದೆ ಬಂದು ನಿಂತ ಕೂಡಲೇ ದೆರ್ವಿಶ್ ಎರಡೂ ಕೈ ಅಡ್ಡ ಹಿಡಿದ.

"ಸುರೀಬೇಡಪ್ಪ. ಹನ್ನೆರಡು ಗಂಟೆ ವಾರ್ತೆ ಮುಗೀಲಿ."

ಮಹಡಿಯ ಮೇಲೆ ಸೆಂಟ್ರಿಂಗ್ ಹಲಗೆಗಳ ಅಂಚಿನಲ್ಲಿ ನಿಂತಿದ್ದ ರಾಯಿಫ್ ಮೇಸ್ತ್ರಿ ಕೆಳಗೆ ಬಗ್ಗಿದ. "ದೆರ್ವಿಶಣ್ಣ, ಇದು ಕಾಂಕ್ರೀಟು, ಕಾಫಿ ಅಲ್ಲ. ಆರಿಹೋದ್ರೆ ಮತ್ತೆ ಬಿಸಿ ಮಾಡಕ್ಕಾಗಲ್ಲ."

"ಎಷ್ಟೊತ್ತು ತಡೆಯುತ್ತೆ?"

"ಇನ್ನೊಂದು ಗಂಟೆ," ಎಂದ ಲಾರಿಯ ಡ್ರೈವರ್. "ಅದರ ಮೇಲೆ ನನ್ನ ಕೇಳಬೇಡಿ."

ದೆರ್ವಿಶನ ಮಗಳು ಎಮೆತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮೇಲೆ ಏಳುತ್ತಿದ್ದದ್ದು ಅವಳ ಮನೆ. ಮಗಳಿಗೊಂದು ಮನೆ ಮಾಡಿಕೊಡದೆ ಅವರ ಊರು ಓಮೊರ್ಫೊದಲ್ಲಿ ಯಾವ ತಂದೆಯೂ ಮದುವೆಯ ದಿನ ಗೊತ್ತುಮಾಡುವುದಿಲ್ಲ. ಅವಳ ನಿಶ್ಚಿತಾರ್ಥವಾಗಿ ಆರು ವರ್ಷವಾಗಿತ್ತು, ಮಹಡಿಯ ಕಂಬಗಳೆದ್ದು ಮೂರು ವರ್ಷ. ಅವಳನ್ನು ಕೈಹಿಡಿಯಬೇಕಿದ್ದ ತುಗ್ರುಲ್‌ಗೆ ಲಂಡನ್ನಿನಲ್ಲಿ ಸೋದರಮಾವನ ಅಂಗಡಿಯ ಕೆಲಸ ಕಾದಿತ್ತು. ಇವತ್ತು ತಾರಸಿ ಹಾಕಿದರೆ ಇಲ್ಲೇ ಇರುತ್ತೇನೆ, ಇಲ್ಲದಿದ್ದರೆ ನಾನಿನ್ನು ಕಾಯಲಾರೆ ಎಂದು ಅವನು ನಿನ್ನೆ ಮೆಲ್ಲಗೆ, ಜಗಳವಿಲ್ಲದೆ ಹೇಳಿದ್ದ. ಜಗಳವಾಡಿದ್ದರೆ ಅವಳಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಇವತ್ತೇ ಸ್ವಿಟ್ಜರ್‌ಲೆಂಡಿನಲ್ಲಿ ಸೈಪ್ರಸ್ ದ್ವೀಪದ ಎರಡೂ ಕಡೆಯ ಮುಖಂಡರು ತಮ್ಮ ತಮ್ಮ ನಕಾಶೆಗಳನ್ನು ವಿನಿಮಯ ಮಾಡಿಕೊಳ್ಳುವವರಿದ್ದರು. ಉತ್ತರದ ತುರ್ಕರು ಯಾವ ಊರು ಬಿಡಬೇಕು, ಯುದ್ಧದಲ್ಲಿ ದ್ವೀಪ ಎರಡಾದಾಗ ದಕ್ಷಿಣಕ್ಕೆ ಓಡಿದ್ದ ಗ್ರೀಕರಿಗೆ ಯಾವ ಊರು ಮರಳಬೇಕು ಎಂಬುದು ಅವುಗಳಲ್ಲಿತ್ತು. ಬಿಡಬೇಕಾದ ಊರುಗಳ ಮಾತೆದ್ದಾಗೆಲ್ಲ ಓಮೊರ್ಫೊದ ಹೆಸರು ಮೊದಲು ಬರುತ್ತಿತ್ತು.

"ಅಪ್ಪ, ಅವರು ನಲವತ್ತು ವರ್ಷದಿಂದ ಮಾತಾಡ್ತಾನೇ ಇದಾರೆ," ಎಂದಳು ಎಮೆತೆ.

"ಆ ಕಡೆ ದಕ್ಷಿಣದ ಪಾಫೋಸ್‌ನಲ್ಲಿ ನಿಮ್ಮಜ್ಜ ಹೊಸ ಹಂಚು ಹೊದಿಸಿದ ಒಂಬತ್ತನೇ ದಿನಕ್ಕೆ ನಾವು ಊರು ಬಿಟ್ವಿ. ಆ ಹಂಚಿನ ಕೆಳಗೆ ಒಂದು ಮಳೆ ನೋಡ್ಲಿಲ್ಲ." ದೆರ್ವಿಶ್ ಗೋಡೆಯ ಮೇಲೆ ಅಂಗೈ ಇಟ್ಟ. "ಈ ಮನೆ ಕಟ್ಟಿಸಿದ ಗ್ರೀಕ ಲೆಫ್ತೆರಿಸ್ ಇನ್ನೂ ಇದಾನೆ. ಗಡಿ ತೆರೆದಾಗ ಬಂದು ಇದೇ ಮೇಜಲ್ಲಿ ಕೂತು ಕಾಫಿ ಕುಡಿದ. ಬಾಯಿ ಬಿಟ್ಟು ಏನೂ ಕೇಳ್ಲಿಲ್ಲ. ಹೋಗೋವಾಗ ಬಾಗಿಲ ಚಿಲಕ ಮುಟ್ಟಿ ಹೋದ."

"ಹಾಗಾದ್ರೆ ಗಟ್ಟಿಯಾಗೇ ಕಟ್ಟೋಣ ಅಣ್ಣ," ಎಂದು ಮೇಲಿಂದ ಮೇಸ್ತ್ರಿ ಕೂಗಿದ. "ಲೆಫ್ತೆರಿಸ್‌ನ ಮೊಮ್ಮಕ್ಕಳು ನಮ್ಮನ್ನ ಬೈಬಾರದು!"

ಯಾರೂ ನಗಲಿಲ್ಲ. ಹಿತ್ತಲ ಕಿತ್ತಳೆ ಮರಕ್ಕೆ ಕಟ್ಟಿದ್ದ ಟಗರು ಮಾತ್ರ ಒಮ್ಮೆ ಅರಚಿತು. ತಾರಸಿ ಹಾಕುವ ಮುನ್ನ ಅದನ್ನು ಕೊಯ್ದು ರಕ್ತ ಹರಿಸುವುದು ವಾಡಿಕೆ.

ಹನ್ನೆರಡಕ್ಕೆ ಎಲ್ಲರೂ ಟೀವಿಯ ಮುಂದೆ ಸೇರಿದರು. ದೆರ್ವಿಶ್ ಕನ್ನಡಕ ಒರೆಸಿ ಹಾಕಿಕೊಂಡು, ಪರದೆಗೆ ಮೂಗು ತಾಗುವಷ್ಟು ಹತ್ತಿರ ಕುರ್ಚಿ ಎಳೆದುಕೊಂಡ. ನಕಾಶೆ ತೋರಿಸುತ್ತಾರೆ, ಗೆರೆ ತಮ್ಮ ಬೀದಿಯ ಆ ಕಡೆಗೋ ಈ ಕಡೆಗೋ ನೋಡಿಬಿಡಬಹುದು ಎಂದುಕೊಂಡಿದ್ದ.

ಪರದೆಯಲ್ಲಿ ಉದ್ದನೆಯ ಮೇಜು, ನೀರಿನ ಬಾಟಲಿಗಳು, ಕೋಟು ಹಾಕಿದ ಜನ ಕಂಡರು. ನಕಾಶೆಗಳ ವಿನಿಮಯವಾಯಿತು, ಎರಡನ್ನೂ ಮೊಹರು ಮಾಡಿ ತಿಜೋರಿಯಲ್ಲಿಡಲಾಗಿದೆ, ಒಪ್ಪಂದವಾಗುವ ತನಕ ಯಾರಿಗೂ ತೋರಿಸುವುದಿಲ್ಲ ಎಂದು ವಾರ್ತೆ ಓದುವವಳು ಹೇಳಿದಳು. ಆಮೇಲೆ ಫುಟ್‌ಬಾಲ್ ಸುದ್ದಿ ಬಂತು.

"ಇಪ್ಪತ್ತು ನಿಮಿಷ ಉಳಿದಿದೆ," ಎಂದ ಡ್ರೈವರ್, ಬಾಗಿಲಿನಿಂದಲೇ.

ಎಮೆತೆ ಅಪ್ಪನ ಮುಖ ನೋಡಿದಳು. ಸುರಿ ಎನ್ನಲೂ ಆಗದೆ, ಬೇಡ ಎನ್ನಲೂ ಆಗದೆ ಅವನು ಫುಟ್‌ಬಾಲ್ ನೋಡುತ್ತಾ ಕುಳಿತ. ಹೊರಗೆ ಲಾರಿಯ ಡ್ರಮ್ಮು ಗರಗರ ತಿರುಗುತ್ತಿತ್ತು. ಅವಳು ನಿಮಿಷಗಳನ್ನು ಲೆಕ್ಕ ಹಾಕುವುದನ್ನು ಬಿಟ್ಟಳು.

"ಹೊರಡಿ ಅಣ್ಣ," ಎಂದಳು ಕೊನೆಗೆ, ಡ್ರೈವರ್ ಕಡೆ ತಿರುಗಿ. "ಇದನ್ನ ಎಲ್ಲಿ ಸುರೀತೀರಿ?"

"ಊರಾಚೆ ಒಂದು ಹಳ್ಳ ಇದೆಯಲ್ಲಮ್ಮ. ಮಾತುಕತೆ ನಡೆದಾಗೆಲ್ಲ ಅಲ್ಲೇ ಸುರಿಯೋದು." ಅವನು ಟೋಪಿ ಸರಿಮಾಡಿಕೊಂಡ. "ಈಗೀಗ ಅದು ಹಳ್ಳ ಅಲ್ಲ, ದಿಬ್ಬ."

ಲಾರಿ ತಿರುವು ದಾಟುವ ಮೊದಲೇ ಫೋನು ಬಡಿದುಕೊಂಡಿತು. ತುಗ್ರುಲ್.

"ಹಾಕಿದ್ರಾ?"

"ಟಿಕೆಟ್ ತಗೋ."

"ಎರಡು ತಗೊಳ್ಳಲಾ, ಎಮೆತೆ?"

ಒಳಗೆ ಅಪ್ಪ ಟೀವಿ ಆರಿಸದೆ, ಕನ್ನಡಕ ತೆಗೆಯದೆ ಹಾಗೇ ಕುಳಿತಿದ್ದ. ಅವಳು ಅತ್ತ ನೋಡಿದಳು.

"ಒಂದು," ಎಂದಳು.

ದೆರ್ವಿಶ್ ಅಂಗಳಕ್ಕೆ ಬಂದಾಗ ರಾಯಿಫ್ ಮತ್ತೆ ಮಹಡಿಯೇರಿ ಮೊದಲ ಹಲಗೆಯ ಮೊಳೆ ಕೀಳುತ್ತಿದ್ದ.

"ಬಿಚ್ಚಬೇಡ ರಾಯಿಫ್. ಬೇಸಗೆ ತನಕ ಇರಲಿ. ಅಷ್ಟರಲ್ಲಿ ಗೊತ್ತಾಗುತ್ತೆ."

"ಹಲಗೆ ನನ್ನದಲ್ಲಣ್ಣ, ಬಾಡಿಗೆಯವು. ಬೇರೆಯವರಿಗೆ ಬೇಕಾಗುತ್ತೆ."

"ಯಾರಿಗೆ?"

ಹೆಸರು ಹೇಳಲು ಮೇಸ್ತ್ರಿ ಎತ್ತರದಿಂದ ಊರ ಕಡೆ ತಿರುಗಿದ. ಅವನ ಕಣ್ಣು ಹೋದಷ್ಟು ದೂರವೂ ಪ್ರತಿ ಮನೆಯ ನೆತ್ತಿಯ ಮೇಲೆ ಅರ್ಧಕ್ಕೆ ನಿಂತ ಮಹಡಿಗಳ ತುಕ್ಕು ಹಿಡಿದ ಕಂಬಿಗಳು ಆಕಾಶಕ್ಕೆ ಮುಖ ಮಾಡಿ ನಿಂತಿದ್ದವು. ಅವನು ಸುತ್ತಿಗೆ ಕೆಳಗಿಟ್ಟು, ಹಲಗೆಯ ಮೇಲೆ ಕುಳಿತ.