ಒಂಬತ್ತು ಕಿಲೋದ ಸ್ನ್ಯಾಪರ್

"ಏನಯ್ಯಾ ಮಾಡ್ಬಿಟ್ಟೆ, ಆಕಾಶ!"

ಶ್ರೀಪಾದಣ್ಣ ಕಿರುಚಿದಾಗ ನನ್ನ ಕೈಯಲ್ಲಿ ಚೂರಿ ಇತ್ತು, ಬಂಡೆಯ ಮೇಲೆ ಮೀನಿತ್ತು, ಮೀನಿನ ಕರುಳು ಕಡಲಹಕ್ಕಿಯ ಗಂಟಲಿನಲ್ಲಿ ಅರ್ಧ ಇಳಿದಿತ್ತು. ಹುರುಪೆ ತೆಗೆದಾಗಿತ್ತು. ಮಸಾಲೆ ಹಿಡಿಯಲೆಂದು ಎರಡೂ ಬದಿಗೆ ಮೂರು ಮೂರು ಗೀರು ಹಾಕಿದ್ದೂ ಆಗಿತ್ತು.

"ಸ್ಪರ್ಧೆಗೆ ಇಡೀ ಮೀನು ತರ್ಬೇಕು ಕಣಯ್ಯಾ. ಹೊಟ್ಟೆ ಸೀಳಿದ್ರೆ ತಗೊಳಲ್ಲ. ದಾರೀಲಿ ರೂಲ್ಸ್ ಓದಿ ಹೇಳಿದ್ನಲ್ಲ!"

"ಮತ್ತೆ ಕೊಯ್ಯುವಾಗ ಹೇಳುಕಾಗ್ದಾ ನಿಮ್ಗೆ? ಪಕ್ಕದಲ್ಲೇ ಇದ್ರಿಯಲ್ಲ ಮಾರಾಯ್ರೆ!"

"ನಾನು ಆ ಕಡೆ ತಿರುಗಿದ್ದೆ."

ತಿರುಗದೆ ಏನು ಮಾಡಿಯಾರು? ಮೈಸೂರಿನವರು, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು. ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡು ಸಲ ಬಿದ್ದವನು ನಾನು. ಪಾಪ ಅಂತ ಪ್ರತಿ ಶನಿವಾರ ತಮ್ಮ ಯೂಟ್ ಗಾಡಿಯಲ್ಲಿ ಕರೆತರುತ್ತಾರೆ. ಮೀನು ದಡಕ್ಕೆ ಬಂತೆಂದರೆ ಬೆಟ್ಟ ನೋಡುತ್ತ ನಿಲ್ಲುತ್ತಾರೆ.

ಮೂರು ವರ್ಷದಿಂದ ನನಗೆ ದೊಡ್ಡ ಮೀನಿನ ಹುಚ್ಚು. ಮೊದಲ ವರ್ಷ ಅಮೆರಿಕದವರ ವಿಡಿಯೋ ನೋಡಿ, ದೊಡ್ಡ ಬಾಯಿಯ ಬಾಸ್ ಮೀನು ಹಿಡಿಯಲು ಗಾಳಕ್ಕೆ ಸಿಕ್ಕಿಸುವ ಹನ್ನೊಂದು ರಬ್ಬರ್ ಕಪ್ಪೆ ತರಿಸಿದೆ. ಆ ಮೀನು ನ್ಯೂಜಿಲೆಂಡಿನಲ್ಲೇ ಇಲ್ಲವೆಂದು ತಿಳಿದಿದ್ದು ಹನ್ನೊಂದೂ ಕಪ್ಪೆ ಮನೆ ತಲುಪಿದ ಮೇಲೆ. ಆಮೇಲೆ ಇಲ್ಲಿನ ಕಡಲಲ್ಲಿ ಸಿಗುವ ಸ್ನ್ಯಾಪರ್ ಮೀನಿನ ಹಿಂದೆ ಬಿದ್ದೆ. ತಿನ್ನಲಿಕ್ಕಲ್ಲ. ಟೌರಂಗಾದ ನಮ್ಮ ಮೀನುಗಾರರ ಕ್ಲಬ್ಬಿನ ಗೋಡೆಯ ಮೇಲೊಂದು ಮರದ ಬೋರ್ಡಿದೆ. ವರ್ಷಕ್ಕೊಮ್ಮೆ ನಡೆಯುವ ಸ್ಪರ್ಧೆಯಲ್ಲಿ ಎಲ್ಲರಿಗಿಂತ ದೊಡ್ಡ ಮೀನು ಹಿಡಿದವನ ಹೆಸರನ್ನು ಅದರಲ್ಲಿ ಬಂಗಾರದ ಬಣ್ಣದಲ್ಲಿ ಬರೆಯುತ್ತಾರೆ. ನಮ್ಮೂರು ಗಂಗೊಳ್ಳಿಯ ಬಂದರಿನಲ್ಲಿ ದೋಣಿಗೆ ಹೋಗುವವರಿಗೆ ಹೆಸರಿರುತ್ತದೆ. ದಡದಲ್ಲಿ ಕೂತು ಮೀನು ಕೊಯ್ಯುವವನನ್ನು ಕರೆಯುವುದು "ಏಯ್" ಅಂತ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಆರು ವರ್ಷ "ಏಯ್" ಆಗಿದ್ದೆ. ಇಲ್ಲಿಗೆ ಬಂದು "ನರ್ಸ್ ಕೃಪಾಳ ಗಂಡ" ಆದೆ. ಕಿವಿಹಣ್ಣಿನ ಪ್ಯಾಕ್‌ಹೌಸಿನಲ್ಲಿ ನನಗಿರುವುದು ಬರೀ ನಂಬರು. ಆ ಬೋರ್ಡಿನ ಮೇಲೆ ಒಂದೇ ಒಂದು ಸಾಲು ನನ್ನದಾಗಬೇಕಿತ್ತು.

ಆ ಮೀನು ಇವತ್ತು ಸಿಕ್ಕಿತ್ತು. ಕೊಕ್ಕೆ ತಕ್ಕಡಿಗೆ ಸಿಕ್ಕಿಸಿದರೆ ಒಂಬತ್ತು ಕಿಲೋ ದಾಟಿತ್ತು. ಕುಣಿದೆ, ಕೂಗಿದೆ. ಖುಷಿಗೆ ತಲೆ ನಿಂತಿತು, ಕೈ ನಿಲ್ಲಲಿಲ್ಲ. ಮೀನು ಮುಂದೆ ಬಂದರೆ ಏನು ಮಾಡಬೇಕೆಂದು ಹದಿನಾಲ್ಕನೇ ವಯಸ್ಸಿನಿಂದ ಈ ಕೈಗೆ ಗೊತ್ತಿರುವುದು ಒಂದೇ ಕೆಲಸ.

ಆದರೂ ಮೀನನ್ನು ಕ್ಲಬ್ಬಿಗೆ ಹೊತ್ತುಕೊಂಡೇ ಹೋದೆ. ತಕ್ಕಡಿಯ ಹತ್ತಿರ ಕೂತಿದ್ದ ಬಿಳಿಗಡ್ಡದ ಅಜ್ಜ ತೂಗಿದರು: ಎಂಟು ಕಿಲೋ ಇನ್ನೂರು. ಅಲ್ಲಿಯವರೆಗೆ ಮುಂದಿದ್ದ ಮೀನು ಏಳು ಒಂಬೈನೂರು. ಅಂದರೆ ಕರುಳಿಲ್ಲದೆಯೂ ನನ್ನದೇ ಎಲ್ಲಕ್ಕಿಂತ ಭಾರ! ಅಜ್ಜ ಹೊಟ್ಟೆಯ ಸೀಳಿನ ಮೇಲೆ ಬೆರಳೆಳೆದು, ತಲೆಯಾಡಿಸಿ, "ಸಾರಿ, ಮೇಟ್" ಅಂದರು.

ಸಿಟ್ಟು ಬಂದಾಗ ನನಗೆ ಇಂಗ್ಲಿಷ್ ಬರುವುದಿಲ್ಲ. ಅಜ್ಜನನ್ನು, ಅವರ ತಕ್ಕಡಿಯನ್ನು, ಆ ರೂಲ್ಸ್ ಬರೆದವನ ಏಳು ತಲೆಮಾರನ್ನು ಗಂಗೊಳ್ಳಿ ಭಾಷೆಯಲ್ಲೇ ಜಾಲಾಡಿದೆ. ಅಜ್ಜ ಶ್ರೀಪಾದಣ್ಣನ ಮುಖ ನೋಡಿದರು. ಶ್ರೀಪಾದಣ್ಣ ಇಂಗ್ಲಿಷಿನಲ್ಲಿ ಎರಡೇ ಮಾತು ಹೇಳಿದರು.

"ಏನಂದ್ರಿ ಅವ್ರಿಗೆ?"

"ಇವನಿಗೆ ಸ್ವಲ್ಪ ಬೇಜಾರಾಗಿದೆ ಅಂದೆ."

ಕ್ಲಬ್ಬಿನ ಹಿತ್ತಲಲ್ಲಿ ಮೀನು ತೊಳೆಯುವ ಕಟ್ಟೆಯಿದೆ. ಅಲ್ಲಿಗೆ ಹೋಗಿ ನನ್ನ ಮೀನನ್ನು ಎದುರಿಗೆ ಹಾಕಿಕೊಂಡು, ಎಲ್ಲರ ಮೇಲಿನ ಸಿಟ್ಟನ್ನೂ ಅದರ ಮೇಲೆ ತೀರಿಸಿಕೊಂಡೆ. ತಲೆ ಬೇರೆ, ಬಾಲ ಬೇರೆ, ಬೆರಳ ದಪ್ಪದ ತುಂಡುಗಳು ಸಾಲಾಗಿ. ಕತ್ತೆತ್ತಿದರೆ ಸುತ್ತ ಏಳೆಂಟು ಜನ ಬಿಯರ್ ಕುಡಿಯುವುದನ್ನು ಮರೆತು ನಿಂತಿದ್ದರು.

"ಹೇಯ್, ಮೇಟ್..."

ಮೊದಲ ಬಹುಮಾನ ಬಂದವನು. ಒಂದು ಕೈಯಲ್ಲಿ ಬೆಳ್ಳಿ ಕಪ್ಪು, ಇನ್ನೊಂದರಲ್ಲಿ ಏಳು ಒಂಬೈನೂರರ ಮೀನು. ಕಪ್ಪನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಮೀನನ್ನು ನನ್ನ ಕಡೆ ಚಾಚಿ, ಇದನ್ನೂ ಮಾಡಿಕೊಡ್ತೀಯಾ ಎಂಬಂತೆ ನಕ್ಕ.

ಆಗುವುದಿಲ್ಲ ಅನ್ನಬೇಕಿತ್ತು. ಅನ್ನಲು ಬಾಯಿಯನ್ನೂ ತೆರೆದೆ. ಅಷ್ಟರಲ್ಲಿ ಅವನೇ ಮೊಂಡು ಚೂರಿಯೊಂದನ್ನು ತೆಗೆದು ಮೀನಿನ ಹೊಟ್ಟೆಗೆ ತಪ್ಪು ಜಾಗದಲ್ಲಿ ಇಟ್ಟ. ಇನ್ನೊಂದು ಇಂಚು ಒಳಗೆ ಹೋದರೆ ಪಿತ್ತ ಒಡೆದು ಇಡೀ ಮೀನು ಕಹಿ. ನೋಡಲಾಗಲಿಲ್ಲ. ಕಸಿದುಕೊಂಡೆ. ಐದು ನಿಮಿಷದಲ್ಲಿ ಮುಗಿಸಿ ತುಂಡುಗಳನ್ನು ಅವನ ಡಬ್ಬಿಗೆ ತುಂಬಿದೆ, ತಲೆಯನ್ನು ಎತ್ತಿ ತೋರಿಸಿದೆ. ಅವನು ಕಸದ ತೊಟ್ಟಿಯ ಕಡೆ ಬೆರಳು ಮಾಡಿದ.

ಕಸದ ತೊಟ್ಟಿಗೆ! ಮೀನಿನ ತಲೆಯನ್ನು! ಇಂಥವನ ಹೆಸರು ಬೋರ್ಡಿನ ಮೇಲೆ.

ಮನೆಗೆ ಬಂದಾಗ ಕೃಪಾ ಆಸ್ಪತ್ರೆಯ ಯೂನಿಫಾರ್ಮಿನಲ್ಲೇ ಅಡುಗೆಮನೆಯಲ್ಲಿದ್ದಳು. ನನ್ನ ಮುಖ ನೋಡಿ, ಕೈಯಲ್ಲಿದ್ದ ಚೀಲ ತೆಗೆದುಕೊಂಡಳು.

"ಗೆದ್ಯಾ?"

"ಗೆದ್ದ ಮೀನಿನ ತಲೆ ಚೀಲದಲ್ಲಿತ್ತ್, ಕಾಣ್."

ಅವಳು ಚೀಲವನ್ನು ಸಿಂಕಿಗೆ ಸುರಿದಳು. ತುಂಡುಗಳ ಮೇಲೆ ಎರಡು ತಲೆಗಳು ಪಕ್ಕಪಕ್ಕದಲ್ಲಿ ಬಾಯಿ ತೆರೆದುಕೊಂಡು ಬಿದ್ದವು.

"ಅಬ್ಬ! ಎರಡ್ರಲ್ಲಿ ಗೆದ್ದದ್ ಯಾವ್ದ್?"

"ಸಣ್ಣದ್."