ಅಪ್ಪನ ಗಾದೆ

ಓದುವಾಗ ದನಿ ಎಲ್ಲಿ ಸಿಕ್ಕಿಕೊಳ್ಳುವುದೋ ಎಂಬುದೊಂದೇ ಸೈಮಿಯ ಅಳುಕು. ಅಪ್ಪನನ್ನು ಮಣ್ಣು ಮಾಡಿ ಬಂದವರೆಲ್ಲ ಚರ್ಚಿನ ಕೋಣೆಯಲ್ಲಿ ಕಾಫಿ, ಏಲಕ್ಕಿ ಬನ್ನಿಗೆ ಕೂತಿದ್ದರು. ಅಲ್ಲಿನ ಪದ್ಧತಿಯಂತೆ ಸಂತಾಪದ ಕಾರ್ಡುಗಳನ್ನು ಮಗಳಾದ ಅವಳೇ ಎದ್ದು ನಿಂತು ಓದಬೇಕಿತ್ತು.

"ಸ್ವಲ್ಪ ಜೋರಾಗಿ ಓದೇ, ನಿಮ್ಮಪ್ಪನ ಥರ ಗಂಟಲಲ್ಲೇ ನುಂಗಬೇಡ," ಎಂದರು ಹಿಲ್ಕಾ ಅತ್ತೆ. ಒಂದಿಬ್ಬರು ಮೆಲ್ಲಗೆ ನಕ್ಕರು.

ಓದಿದ ಮೂರು ಕಾರ್ಡುಗಳಲ್ಲೂ ಅಪ್ಪನ ಬಾಯಲ್ಲಿ ಸದಾ ಇರುತ್ತಿದ್ದ ಅದೇ ಗಾದೆ: ಮಾತು ಬೆಳ್ಳಿ, ಮೌನ ಬಂಗಾರ. ಕೊನೆಯ ಕಾರ್ಡು ಅವಳದೇ. ಅದರಲ್ಲೂ ಅದನ್ನೇ ಬರೆದಿದ್ದಳು. ಅದನ್ನು ಓದದೆ ಮಡಿಸಿ ಕಾಫಿ ಬಟ್ಟಲಿನ ಕೆಳಗಿಟ್ಟಳು.

"ಅತ್ತೆ, ಕೊನೇ ದಿನ ಅಪ್ಪ ನನ್ನ ಕೈ ಹಿಡ್ಕೊಂಡು ಏನೋ ಹೇಳೋಕೆ ಹೊರಟ. ನಂಗೆ ಭಯ ಆಯ್ತು. ಮೌನ ಬಂಗಾರ ಅಲ್ವಾ ಅಪ್ಪಾ ಅಂತ ನಾನೇ ಬಾಯಿ ಮುಚ್ಚಿಸ್ದೆ."